ಐದು ಬೇಕೋ, ಎರಡು ಪಾಯಿಂಟ್ ನಾಲ್ಕು ಬೇಕೋ

ಮನೆಮನೆಗೆ ವೈಫೈ ಕೂರಿಸುವವನ ಬಾಳಿನಲ್ಲಿ ನಗುವಿಗೆ ಬರವಿಲ್ಲ. ನನಗೆ ಬರವಿದ್ದದ್ದು ಹೆಣ್ಣಿಗೆ. ಗದಗಿನ ಸುತ್ತ ಯಾರ ಮನೆಗೆ ಹೋದರೂ ಚಹಾ ಕೊಡುತ್ತಿದ್ದರು, ಮಗಳನ್ನು ಕೊಡುವ ಮಾತು ಬಂದರೆ "ವೈರ್ ಎಳಿಯೋ ಹುಡುಗ" ಅಂದುಬಿಡುತ್ತಿದ್ದರು. ಅವ್ವನಿಗೆ ಅದೇ ಚಿಂತೆ, ನನಗೆ ಅವ್ವನಿಗಿಂತ ಹೆಚ್ಚು.

ಹೋದಲ್ಲೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದೆ. ಪೆಟ್ಟಿಗೆ ಒಂದೇ, ಫೋನಿನಲ್ಲಿ ಕಾಣುವ ಹೆಸರು ಎರಡು: ಒಂದರ ಬಾಲಕ್ಕೆ ಐದು, ಇನ್ನೊಂದರದ್ದಕ್ಕೆ ಎರಡು ಪಾಯಿಂಟ್ ನಾಲ್ಕು. ಐದರದ್ದು ಜೋರಾಗಿ ಓಡುತ್ತದೆ, ಗೋಡೆ ಕಂಡರೆ ಸುಸ್ತಾಗುತ್ತದೆ. ಎರಡು ಪಾಯಿಂಟ್ ನಾಲ್ಕರದ್ದು ನಿಧಾನ, ಆದರೆ ಗೋಡೆ ದಾಟಿ ಹಿತ್ತಲಿಗೂ ಹೋಗುತ್ತದೆ. ಎಲ್ಲರೂ ತಲೆಯಾಡಿಸುತ್ತಿದ್ದರು, ಆಮೇಲೆ ತಮಗೆ ತಿಳಿದದ್ದನ್ನೇ ಮಾಡುತ್ತಿದ್ದರು.

೧. ಅಣ್ಣ-ತಮ್ಮಂದಿರ ಪಾಲು

ಬೆಟಗೇರಿಯಲ್ಲಿ ಅಣ್ಣ-ತಮ್ಮ ಬೇರೆಯಾಗಿ ಮನೆಯ ನಡುವೆ ಗೋಡೆ ಕಟ್ಟಿದ್ದರು. ವೈಫೈ ಪೆಟ್ಟಿಗೆ ಅಣ್ಣನ ಪಡಸಾಲೆಯಲ್ಲಿ. ಎರಡು ಹೆಸರಿವೆ ಅಂದದ್ದೇ ತಡ, ಅದನ್ನೂ ಪಾಲು ಮಾಡಲು ಕೂತರು. ಹಿರಿಯ ಪಾಲು ಹಾಕಬೇಕು, ಕಿರಿಯ ಮೊದಲು ಆರಿಸಬೇಕು, ಅದು ರೂಢಿ. ತಮ್ಮ ಹಿಂದೆಮುಂದೆ ನೋಡದೆ ಐದನ್ನು ಆರಿಸಿಕೊಂಡ. ಗೋಡೆಯ ವಿಷಯ ನೆನಪಿಸಲು ಹೋದೆ. "ಎರಡಕ್ಕಿಂತ ಐದು ದೊಡ್ಡದು ಅನ್ನೂದು ನನಗೂ ಗೊತ್ತೈತ್ರಿ" ಅಂದ.

ಸ್ವಲ್ಪ ದಿನಕ್ಕೆ ಅವನ ಹೆಂಡತಿ, ಮಕ್ಕಳು ಎಲ್ಲ ಫೋನು ಹಿಡಿದು ಅಣ್ಣನ ಪಡಸಾಲೆಯಲ್ಲೇ ಠಿಕಾಣಿ ಹೂಡಿದರು. ಊಟವೂ ಅಲ್ಲೇ ಆಗತೊಡಗಿತು. ಅಣ್ಣ ನನ್ನನ್ನು ಬದಿಗೆ ಕರೆದು ಕೇಳಿದ: "ಆ ಗ್ವಾಡಿ ಕೆಡವಿದ್ರ ಐದು ಆ ಕಡಿ ಹೋಗತೈತೇನ್ರಿ?"

೨. ಕಪಾಟಿನೊಳಗಿನ ಐಶ್ವರ್ಯ

ಶಿರಹಟ್ಟಿಯ ಅಜ್ಜಿಯೊಬ್ಬರು ಪೆಟ್ಟಿಗೆಯನ್ನು ಕಬ್ಬಿಣದ ಕಪಾಟಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಇಟ್ಟು ಕೀಲಿ ಹಾಕಿದ್ದರು. ಹೊಸ ಸಾಮಾನು, ಯಾರ ಕಣ್ಣಾದರೂ ಬಿದ್ದೀತು ಅಂತ. ಮನೆಯಲ್ಲಿ ಎರಡೂ ಹೆಸರು ನಾಪತ್ತೆ. ಕಬ್ಬಿಣ ದಾಟುವುದು ಎರಡಕ್ಕೂ ಕಷ್ಟ ಅಂತ ತಿಳಿಸಿ ಹೇಳಿದೆ. ಅಜ್ಜಿ ಬಹಳ ಯೋಚಿಸಿ ಬಾಗಿಲನ್ನು ಬೆರಳಷ್ಟು ತೆರೆದರು. "ಸಣ್ಣದು ಬರ್ಲಿ ಸಾಕು. ದೊಡ್ಡದನ್ನ ಹಬ್ಬಕ್ಕ ತಗಿಯೂಣು."

೩. ದೇವರ ಕೋಣೆ

ಕೊನೆಗೂ ಮುಂಡರಗಿಯಲ್ಲೊಬ್ಬರು ಹೆಣ್ಣು ನೋಡಲು ಕರೆದರು. ಇಸ್ತ್ರಿ ಅಂಗಿ ಹಾಕಿಕೊಂಡು ಅವ್ವನ ಜೊತೆ ಹೋದೆ. ಉಪ್ಪಿಟ್ಟು ಅರ್ಧ ತಿಂದಿದ್ದೆ, ಅಷ್ಟರಲ್ಲಿ ಹುಡುಗಿಯ ಅಪ್ಪ ನನ್ನ ಉದ್ಯೋಗ ಕೇಳಿ ಪ್ಲೇಟು ಕೆಳಗಿಡಿಸಿದರು. ಶುಭಕಾರ್ಯದ ಮಾತು ದೇವರ ಮುಂದೆಯೇ ಆಡಬೇಕೆಂದು ಅವರು ಬೇರೆ ಊರಿನ ಗಂಡಿನ ಕಡೆಯವರಿಗೆ ದೇವರ ಕೋಣೆಯಿಂದಲೇ ವಿಡಿಯೊ ಕಾಲ್ ಮಾಡುತ್ತಿದ್ದರಂತೆ. ಮಾತು ಕುದುರುವ ಹೊತ್ತಿಗೆ ಫೋನಿನಲ್ಲಿ ಆ ಕಡೆಯ ಮುಖ ಅಲ್ಲಾಡದೆ ನಿಂತುಬಿಡುತ್ತಿತ್ತಂತೆ. ಎಷ್ಟೋ ಸಂಬಂಧ ಹೀಗೇ ತಪ್ಪಿದವಂತೆ.

"ಸಂಜಿಕ ಲಕ್ಷ್ಮೇಶ್ವರದ ವರನ ಕಾಲ್ ಐತ್ರಿ, ಸರಕಾರಿ ನೌಕರಿ" ಅಂದರು. "ಅಷ್ಟರಾಗ ಜರಾ ಸರಿ ಮಾಡಿಕೊಡ್ರಿ."

ಸರಿ ಮಾಡಿದರೆ ಹುಡುಗಿ ಲಕ್ಷ್ಮೇಶ್ವರದ ಪಾಲು. ಮಾಡದಿದ್ದರೆ ನಾನು ಕೆಲಸ ಬಾರದವನು. ಪಡಸಾಲೆಯ ಪೆಟ್ಟಿಗೆಯ ಸೆಟ್ಟಿಂಗನ್ನು ಫೋನಿನಲ್ಲಿ ತೆರೆದು ನೋಡಿದೆ. ಎರಡು ಪಾಯಿಂಟ್ ನಾಲ್ಕನ್ನು ಯಾರೋ ಬಂದ್ ಮಾಡಿದ್ದರು. ಉಳಿದ ಐದಕ್ಕೆ ದೇವರ ಕೋಣೆಯ ದಪ್ಪ ಮಣ್ಣಿನ ಗೋಡೆ ದಾಟುವ ತ್ರಾಣವಿರಲಿಲ್ಲ.

ಅಷ್ಟರಲ್ಲಿ ಹುಡುಗಿ ಚಹಾ ತಂದಳು. ತಟ್ಟೆ ಮುಂದೆ ಹಿಡಿದು ಬಗ್ಗಿ, ಮೆಲ್ಲಗೆ ಹೇಳಿದಳು: "ನಾನ ಬಂದ್ ಮಾಡೀನ್ರಿ. ಹಂಗ ಇರ್ಲಿ."

ಅಷ್ಟು ಸವಿಯಾದ ಕಂಪ್ಲೇಂಟು ನನ್ನ ಸರ್ವಿಸಿನಲ್ಲೇ ಬಂದಿರಲಿಲ್ಲ. ಕುಣಿಯುವಷ್ಟು ಖುಷಿಯಾಯಿತು. ಮುಖ ಗಂಭೀರ ಮಾಡಿಕೊಂಡು ಅವಳ ಅಪ್ಪನಿಗೆ ಹೇಳಿದೆ: "ಗ್ವಾಡಿ ಭಾರಿ ಐತ್ರಿ. ಒಂದ ದಿನದ ಕೆಲಸ ಅಲ್ಲ, ಮತ್ತ ಮತ್ತ ಬರಬೇಕಾಗ್ತೈತಿ."

ಸಂಜೆ ಲಕ್ಷ್ಮೇಶ್ವರದ ವರ ಬಾಯಿ ತೆರೆದವನು ತೆರೆದಂತೆಯೇ ದೇವರ ಮುಂದೆ ನಿಂತುಬಿಟ್ಟನಂತೆ. ಮತ್ತೆ ಮತ್ತೆ ಹೋಗಿ ಕಣ್ಣೆದುರಿಗೆ ಅಲ್ಲಾಡುತ್ತಿದ್ದ ಗಂಡು ನಾನೊಬ್ಬನೇ. ಮದುವೆಯಾಯಿತು.

ಮೊದಲ ದೀಪಾವಳಿಗೆ ಹೋದಾಗ ಮಾವ ಪಕ್ಕಕ್ಕೆ ಬಂದು ಕೂತರು. ಸಣ್ಣ ಮಗಳಿಗೂ ವರ ನೋಡುವುದು ಶುರುವಾಗಿತ್ತು. "ಅಳಿಯಂದ್ರ, ಈಗರ ಅದನ್ನ ಸರಿ ಮಾಡ್ರಿ" ಅಂದರು. ಇನ್ನು ನನಗೇನು ಭಯ ಅಂದುಕೊಂಡು ಫೋನು ತೆಗೆದೆ. ಎರಡು ಪಾಯಿಂಟ್ ನಾಲ್ಕನ್ನು ಚಾಲೂ ಮಾಡುವಷ್ಟರಲ್ಲಿ ನಾದಿನಿ ಚಹಾ ತಂದಳು. ತಟ್ಟೆ ಮುಂದೆ ಹಿಡಿದು ಬಗ್ಗಿದಳು.

"ಮಾಮಾ, ಹಂಗ ಇರ್ಲಿ."

ಮಾವನ ಕಡೆ ತಿರುಗಿ ಹೇಳಿದೆ: "ಗ್ವಾಡಿ ಭಾರಿ ಐತ್ರಿ."