ಆರುನೂರರಲ್ಲಿ ಒಂದು ಬಾಟಲಿ

"ಉಗಿದೇಬಿಟ್ರಾ ಭಾವ?"

"ಇನ್ನೇನು, ನುಂಗ್ಬೇಕಿತ್ತಾ?"

ಯಜಮಾನರು ಸಿಂಕಿನ ಕಡೆ ನೋಡಿದರು. ಎಂಟು ವರ್ಷ ಬೀರುವಿನಲ್ಲಿ ಕಾಪಾಡಿದ ಸಿಂಗಲ್ ಮಾಲ್ಟ್ ಸ್ಕಾಚಿನ ಮೊದಲ ಗುಟುಕು ಮುಸುರೆ ಪಾತ್ರೆಗಳ ನಡುವೆ ಇಳಿದುಹೋಗುತ್ತಿತ್ತು. ಲಿಮಿಟೆಡ್ ಎಡಿಷನ್, ಲೋಕಕ್ಕೆಲ್ಲ ಆರುನೂರೇ ಬಾಟಲಿ. ಅದನ್ನು ತೆರೆಯಬೇಕು ಅನ್ನುವ ಹೊತ್ತಿಗೆ ಸರಿಯಾಗಿ ಡಾಕ್ಟರು ಗುಳಿಗೆ ಬರೆದು ಗುಂಡು ನಿಲ್ಲಿಸಿದ್ದರು. ತಾವಂತೂ ಕುಡಿಯುವಂತಿಲ್ಲ, ರುಚಿಯನ್ನಾದರೂ ಬಲ್ಲವರ ಬಾಯಿಂದ ಕೇಳೋಣ ಎಂದು ಹೆಂಡತಿಯ ಅಣ್ಣನನ್ನು ಕರೆಸಿದ್ದರು. ಅವರಿಗೆ ಟೀ ಕಂಪನಿಯಲ್ಲಿ ರುಚಿ ನೋಡುವುದೇ ಕೆಲಸ.

ಭಾವ: ದಿನಕ್ಕೆ ಇನ್ನೂರು ಬಟ್ಟಲು ಟೀ ನೋಡ್ತೀನಿ. ಎಲ್ಲಾ ನುಂಗಿದ್ರೆ ನಾನು ಮನುಷ್ಯ ಅಲ್ಲ, ಕೆಟಲ್ಲು.

ಯಜಮಾನ: ಹೋಗ್ಲಿ, ರುಚಿ ಹೇಗಿತ್ತು? ನಿಧಾನವಾಗಿ ಹೇಳಿ. ಇನ್ಮೇಲೆ ನಾನು ಕಿವೀಲೇ ಕುಡೀಬೇಕು.

ಭಾವ: ಹೊಗೆ ವಾಸನೆ. ನಮ್ಮ ಟೀ ಲೆಕ್ಕದಲ್ಲಿ, ಎಲೆ ಒಣಗಿಸೋ ಒಲೆ ಕೆಟ್ಟಿದೆ.

ಯಜಮಾನ: ಅದು ಬೇಕೂಂತಲೇ ಹಾಕಿರೋ ಹೊಗೆ ಭಾವ.

ಭಾವ: ಸಿಕ್ಕಿಬಿದ್ದೋರೆಲ್ಲ ಹಾಗೇ ಹೇಳೋದು. ಮೇಲಿಂದ ಹಳೇ ಮರದ ವಾಸನೆ ಬೇರೆ.

ಯಜಮಾನ: ಹದಿನೆಂಟು ವರ್ಷ ಮರದ ಪೀಪಾಯಿಯಲ್ಲಿ ಇಟ್ಟಿದ್ರಂತೆ.

ಭಾವ: ಅಷ್ಟು ವರ್ಷ ಯಾರೂ ಕೊಳ್ಳಲಿಲ್ಲ ಅನ್ನಿ. ನಮ್ಮಲ್ಲಾಗಿದ್ರೆ ಇಡೀ ಲಾಟು ವಾಪಸ್.

ಯಜಮಾನ: ಇಡೀ ಲಾಟೇ ಆರುನೂರು ಬಾಟ್ಲಿ.

ಭಾವ: ಅಷ್ಟಕ್ಕೇ ನಿಲ್ಲಿಸಿದ್ರಲ್ಲ, ಮರ್ಯಾದಸ್ಥರು.

ಯಜಮಾನರ ಮುಖ ಸಪ್ಪಗಾಯಿತು. ಬಾಟಲಿಗೆ ಮುಚ್ಚಳ ಹಾಕಹೊರಟರು. ಅಲ್ಲಿಯತನಕ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದ ಹೆಂಡತಿ ಸೀದಾ ಬಂದು, ಗ್ಲಾಸಿನ ತಳದಲ್ಲಿ ಉಳಿದಿದ್ದನ್ನು ಬಾಯಿಗೆ ಹಾಕಿಕೊಂಡು ನುಂಗಿಬಿಟ್ಟರು.

ಯಜಮಾನ: ಏನೇ ಇದು?

ಹೆಂಡತಿ: ತಡೀರಿ, ಇನ್ನೂ ಇಳೀತಾ ಇದೆ.

ಭಾವ: ಹೊಗೆ ತಾನೆ?

ಹೆಂಡತಿ: ನೀನು ಸುಮ್ನಿರಣ್ಣ. ರೀ, ಇದು ಥೇಟ್ ನಿಮ್ಮಮ್ಮನ ಥರ.

ಯಜಮಾನ: ಅಂದ್ರೆ?

ಹೆಂಡತಿ: ಬಂದ ತಕ್ಷಣ ಮೂಗಿಗೇ ಹೊಡೆಯುತ್ತೆ. ಗಂಟಲಲ್ಲಿ ಉರಿ ಹಚ್ಚುತ್ತೆ. ಆಮೇಲೆ ಎದೆ ಬೆಚ್ಚಗೆ ಮಾಡಿ ಹೊರಟುಹೋಗುತ್ತೆ. ಹೋದ್ಮೇಲೆ, ಇನ್ನೊಂದಿಷ್ಟು ಹೊತ್ತು ಇರಬೇಕಾಗಿತ್ತು ಅನ್ಸುತ್ತೆ.

ಭಾವ ಟೇಬಲ್ಲಿನ ಮೇಲಿದ್ದ ಪತ್ರಿಕೆಯನ್ನು ಎತ್ತಿಕೊಂಡು ಓದತೊಡಗಿದರು. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು ಗ್ಲಾಸನ್ನು ಹೆಂಡತಿಯ ಮುಂದಕ್ಕೆ ತಳ್ಳಿದರು.

ಯಜಮಾನ: ಅಮ್ಮನ ಬಗ್ಗೆ ಇಷ್ಟು ಒಳ್ಳೇ ಮಾತು ಇಪ್ಪತ್ತೇಳು ವರ್ಷದಲ್ಲಿ ಇದೇ ಮೊದಲು ಕಣೇ. ಇನ್ನೊಂದು ಹಾಕ್ತೀನಿ, ಮುಂದುವರಿಸು.