ವೀರರು ಬರುವ ಮೊದಲೇ ತಮ್ಮನನ್ನು ಬಿಡಿಸಿಕೊಂಡು ಬಂದ ದೋಣಿಯಕ್ಕನ ಕುರಿತು

ಆಟದೊಳಗಿನ ನಿವಾಸಿಗಳ ಇಲಾಖೆ
(ಕಾಡು, ಬೆಟ್ಟ, ನದಿ ಮತ್ತು ಗುಹೆಗಳ ವಿಭಾಗ)

ಸಂಖ್ಯೆ: ಆನಿಇ/ನದಿ/ತಮ್ಮ/೧
ದಿನಾಂಕ: ಎಂದಿನಂತೆ

ಸುತ್ತೋಲೆ

ವಿಷಯ: ವೀರರ ಆಗಮನಕ್ಕೆ ಕಾಯದೆ ನಿವಾಸಿಗಳು ತಮ್ಮ ಕಷ್ಟಗಳನ್ನು ತಾವೇ ಪರಿಹರಿಸಿಕೊಳ್ಳುವ ಪ್ರವೃತ್ತಿಯನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ: ೧. ಒತ್ತೆಯಾಳು ಕಾಣೆಯಾಗಿರುವ ಬಗ್ಗೆ ಗುಹೆಯ ಕಳ್ಳರ ಮುಖಂಡರ ಮನವಿ.
೨. ದೋಣಿಯಕ್ಕನ ಸಮಜಾಯಿಷಿ (ಮೌಖಿಕ, ಹುಟ್ಟು ಹಾಕುತ್ತಲೇ ನೀಡಿದ್ದು).
೩. ನದಿ ದಡದ ಕಾವಲುಗಾರರ ವರದಿ.

ಪ್ರಸ್ತಾವನೆ:

ನಮ್ಮ ರಾಜ್ಯವು ಒಂದು ವಿಡಿಯೋ ಗೇಮ್‌ನ ಒಳಗಿದೆ ಎಂಬುದು ನಿವಾಸಿಗಳೆಲ್ಲರಿಗೂ ತಿಳಿದ ಸಂಗತಿ. ಹೊರಗೆ ಎಲ್ಲೋ ಒಂದು ಮನೆಯಲ್ಲಿ ಸೋಫಾದ ಮೇಲೆ ಕಾಲು ಚಾಚಿ ಕುಳಿತ ಆಟಗಾರರೊಬ್ಬರು ಬಟನ್ ಒತ್ತುತ್ತಾರೆ. ಒಳಗೆ ಅವರ ಪರವಾಗಿ ವೀರರೊಬ್ಬರು ಕತ್ತಿ ಹಿಡಿದು ಓಡಾಡುತ್ತಾರೆ. ಕಷ್ಟದಲ್ಲಿರುವ ನಿವಾಸಿಗಳ ತಲೆಯ ಮೇಲೆ ಒಂದು ಹಳದಿ ಗುರುತು ತೇಲುತ್ತಿರುತ್ತದೆ. ಅದನ್ನು ಕಂಡು ವೀರರು ಬರಬೇಕು, ಕಷ್ಟ ಕೇಳಬೇಕು, ಹೋಗಿ ಪರಿಹರಿಸಬೇಕು. ಇದು ಮೊದಲಿನಿಂದಲೂ ನಡೆದುಕೊಂಡು ಬಂದಿರುವ ಪದ್ಧತಿ.

ಈ ರಾಜ್ಯದ ಹೆಮ್ಮೆಯೆಂದರೆ, ಕಣ್ಣಿಗೆ ಕಾಣುವ ಯಾವ ಬೆಟ್ಟವನ್ನಾದರೂ ಹತ್ತಬಹುದು, ಯಾವ ಬಾಗಿಲನ್ನಾದರೂ ತಳ್ಳಬಹುದು, ಯಾವ ದಾರಿಯನ್ನಾದರೂ ಹಿಡಿಯಬಹುದು. ರಾಜ್ಯದ ತೊಂದರೆಯೂ ಅದೇ ಆಗಿರುತ್ತದೆ. ಎಲ್ಲಿಗೆ ಬೇಕಾದರೂ ಹೋಗಬಲ್ಲ ವೀರರು ಹೋಗಬೇಕಾದಲ್ಲಿಗೆ ಮಾತ್ರ ಹೋಗುವುದಿಲ್ಲ.

ಸದರಿ ದೋಣಿಯಕ್ಕ ನದಿ ದಾಟಿಸುವ ಕೆಲಸದವರು. ದಡದ ಮೇಲೆ ಒಂದೇ ಕೋಣೆಯ ಮನೆ. ಒಂದು ಒಲೆ, ಎರಡು ಮಂಚ, ಗೋಡೆಗೆ ನೇತುಹಾಕಿದ ಅರ್ಧ ಹೆಣೆದ ಬಲೆ. ಬಲೆ ಹೆಣೆಯುತ್ತಿದ್ದ ತಮ್ಮನನ್ನು, ವೀರರಿಗೆ ಒಂದು ಕೆಲಸವಾಗಲಿ ಎಂಬ ಸದುದ್ದೇಶದಿಂದ, ಆಟದ ಆರಂಭದಲ್ಲೇ ಕಳ್ಳರಿಂದ ಹೊತ್ತೊಯ್ಯಿಸಲಾಗಿತ್ತು. ದೋಣಿಯಕ್ಕನಿಗೆ ಇಲಾಖೆಯಿಂದ ಮಂಜೂರಾದ ಮಾತು ಇಷ್ಟೇ: “ನನ್ನ ತಮ್ಮನನ್ನು ಕಳ್ಳರು ಹೊತ್ತೊಯ್ದಿದ್ದಾರೆ. ದಯವಿಟ್ಟು ಬೇಗ ಹೋಗಿ.” ವೀರರು ನದಿ ದಾಟಿದಾಗಲೆಲ್ಲ ಅವರು ಈ ಮಾತನ್ನು ಕಣ್ಣೀರಿನಲ್ಲಿ ಯಾವುದೇ ಕಡಿತ ಮಾಡದೆ ಹೇಳಿರುತ್ತಾರೆ. ವೀರರು ಪ್ರತಿ ಸಲವೂ ಈಗಲೇ ಹೊರಟೆನೆಂದು ಭರವಸೆ ನೀಡಿ ಅಣಬೆ ಕೀಳಲು ಹೋಗಿರುತ್ತಾರೆ. ಆಮೇಲೆ ಕುದುರೆ ಕೊಂಡರು. ಮನೆ ಕೊಂಡರು. ಆ ಮನೆಯ ಕಪಾಟಿನಲ್ಲಿ ಎಲೆಕೋಸುಗಳನ್ನು ಗಾತ್ರದ ಪ್ರಕಾರ ಜೋಡಿಸಿದರು. ತಮ್ಮನು ಕಳ್ಳರ ಗುಹೆಯಲ್ಲೇ ಇದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ವೀರರು, ವೀರರ ವಾಡಿಕೆಯಂತೆ, ದೋಣಿಯಕ್ಕನ ಮನೆಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿದರು. ಚೀಲ ಭಾರವಾಗಿ ಓಡಲಾಗದೆ, ದಡಕ್ಕೆ ಬಂದು ಬೇಡವಾದದ್ದನ್ನು ಒಂದೊಂದಾಗಿ ಎಸೆಯತೊಡಗಿದರು. ಎಸೆದದ್ದರಲ್ಲಿ ತಮ್ಮನ ಬೂಟುಗಳೂ ಇದ್ದವು. ದೋಣಿಯಕ್ಕ ಅವುಗಳನ್ನು ದೋಣಿಯಿಂದಲೇ ಗುರುತಿಸಿದರು ಎಂದು ವಿಚಾರಣೆಯಿಂದ ತಿಳಿದುಬಂದಿರುತ್ತದೆ. ಅವರು ಬೂಟುಗಳನ್ನು ಎತ್ತಿ, ಸೆರಗಿನಿಂದ ಕೆಸರು ಒರೆಸಿ, ತಾವೇ ತೊಟ್ಟು, ದೋಣಿಯನ್ನು ಗೂಟಕ್ಕೆ ಕಟ್ಟಿ ನೆಟ್ಟಗೆ ಗುಹೆಯ ದಾರಿ ಹಿಡಿದರು. ಯಾವ ಅನುಮತಿಯನ್ನೂ ಪಡೆದಿರುವುದಿಲ್ಲ.

ಗುಹೆಯಲ್ಲಿ ಕಳ್ಳರು ಎದ್ದು ನಿಂತು, ವೀರರು ಎಲ್ಲಿ ಎಂದು ವಿಚಾರಿಸಿದರು. ಬಂದಿಲ್ಲ ಎಂಬ ಉತ್ತರ ಬಂತು. ವೀರರೊಡನೆ ಹೊಡೆದಾಡಲು ಮಾತ್ರ ಅವರಿಗೆ ಆದೇಶವಿದ್ದು, ದೋಣಿಯವರೊಡನೆ ಏನು ಮಾಡಬೇಕೆಂಬ ಬಗ್ಗೆ ಸೂಚನೆ ಇರಲಿಲ್ಲವಾದ್ದರಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಬ್ಬ ಕಳ್ಳ ದೀವಟಿಗೆಯನ್ನೂ ಹಿಡಿದಿರುತ್ತಾನೆ. ಆತನ ಮೇಲೆ ಪ್ರತ್ಯೇಕ ಕ್ರಮ ಜರುಗಿಸಲಾಗುವುದು.

ಅಕ್ಕ ತಮ್ಮ ಇಬ್ಬರೂ ಮನೆಗೆ ಬಂದಿದ್ದಾರೆ. ದೋಣಿಯಕ್ಕನ ತಲೆಯ ಮೇಲಿನ ಹಳದಿ ಗುರುತು ತಾನಾಗಿಯೇ ಆರಿಹೋಗಿದೆ. ಅದನ್ನು ಮತ್ತೆ ಹೊತ್ತಿಸಲು ಏಣಿ ಸಮೇತ ಹೋದ ಸಿಬ್ಬಂದಿಗೆ ಅವರು ನೀಡಿದ ಸಮಜಾಯಿಷಿಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ನಂಗೀಗ ಯಾರಿಂದ್ಲೂ ಏನೂ ಆಗ್ಬೇಕಾಗಿಲ್ಲಪ್ಪ. ಏಣಿ ತಗೊಂಡು ಹೋಗಿ, ದೋಣಿಗೆ ಅಡ್ಡ ಆಗ್ತಿದೆ.”

ಇದೇ ರೀತಿ ಎಲ್ಲರೂ ತಮ್ಮ ತಮ್ಮ ಕೆಲಸ ತಾವೇ ಮಾಡಿಕೊಂಡರೆ ವೀರರ ಗತಿ ಏನು ಎಂಬ ಪ್ರಶ್ನೆ ಉದ್ಭವಿಸಿರುತ್ತದೆ. ಆದ್ದರಿಂದ ಎಲ್ಲ ನಿವಾಸಿಗಳಿಗೆ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

ಸೂಚನೆಗಳು:

೧. ಯಾವುದೇ ನಿವಾಸಿಯು ತನ್ನ ಕಷ್ಟವನ್ನು ತಾನೇ ಪರಿಹರಿಸಿಕೊಳ್ಳತಕ್ಕದ್ದಲ್ಲ. ಕಳೆದುಹೋದ ಉಂಗುರವು ಕಾಲಡಿಯಲ್ಲೇ ಹೊಳೆಯುತ್ತಿದ್ದರೂ ಅದರ ಮೇಲೆ ಕಾಲಿಟ್ಟುಕೊಂಡು ಅಳುತ್ತಿರತಕ್ಕದ್ದು. “ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ” ಎಂಬ ಗಾದೆಯನ್ನು ಅಂಗಡಿ ಗೋಡೆಗಳಿಂದ ಕೂಡಲೇ ಅಳಿಸತಕ್ಕದ್ದು.

೨. ತಲೆಯ ಮೇಲಿನ ಹಳದಿ ಗುರುತನ್ನು ಒಣ ಬಟ್ಟೆಯಿಂದ ಒರೆಸಿ ಶುಚಿಯಾಗಿಡತಕ್ಕದ್ದು. ಅದಕ್ಕೆ ಟೋಪಿ ನೇತುಹಾಕುವುದು, ಮಕ್ಕಳನ್ನು ಅದರ ಬೆಳಕಿನಲ್ಲಿ ಓದಿಸುವುದು ನಿಷಿದ್ಧ.

೩. ವೀರರು ಮಂಡಿ ಬಗ್ಗಿಸಿ ನಡೆಯುವಾಗ ಅವರು ಯಾರ ಕಣ್ಣಿಗೂ ಕಾಣುತ್ತಿಲ್ಲವೆಂದು ಭಾವಿಸತಕ್ಕದ್ದು. ಊಟ ಮಾಡುತ್ತಿರುವ ಕುಟುಂಬದ ಮೇಜಿನ ಮೇಲೆಯೇ ಮಂಡಿ ಬಗ್ಗಿಸಿದ್ದಲ್ಲಿ, ತಟ್ಟೆಯನ್ನು ಸದ್ದಿಲ್ಲದೆ ಪಕ್ಕಕ್ಕೆ ಎಳೆದುಕೊಂಡು ಊಟ ಮುಂದುವರಿಸತಕ್ಕದ್ದು. ಅವರು ಚಮಚ ಕದ್ದರೆ ಕೈಯಲ್ಲಿ ತಿನ್ನತಕ್ಕದ್ದು.

೪. ಪ್ರತಿಯೊಬ್ಬರೂ ತಮಗೆ ಮಂಜೂರಾದ ಒಂದೇ ಮಾತನ್ನು ಹೊಸದೆಂಬಂತೆ ಹೇಳತಕ್ಕದ್ದು. ಛತ್ರದ ಯಜಮಾನರು ಸುಡುಬಿಸಿಲಿನಲ್ಲೂ “ಹೊರಗೆ ಏನು ಚಳಿ” ಎನ್ನುತ್ತಿರುವುದನ್ನು ಇಲಾಖೆ ಮೆಚ್ಚಿಕೊಂಡಿದೆ. ಅವರ ಹೆಂಡತಿಯು ಬೇಸತ್ತು ತವರಿಗೆ ಹೋಗಿರುವುದು ಅವರ ಖಾಸಗಿ ವಿಷಯ.

೫. ವೀರರ ಕುದುರೆಯು ಗೋಡೆಯಂಥ ಬೆಟ್ಟವನ್ನು ನೆಟ್ಟಗೆ ಹತ್ತಿ, ತುದಿಯಲ್ಲಿ ಬಂಡೆಯೊಳಗೆ ಸೊಂಟದವರೆಗೆ ಹೂತುಹೋಗುವುದು ಆಗಾಗ ಕಂಡುಬರುತ್ತಿದೆ. ಅದನ್ನು ಬಾಲ ಹಿಡಿದು ಎಳೆಯತಕ್ಕದ್ದಲ್ಲ. ಸದರಿ ಕುದುರೆಯು ಮೇಯುತ್ತಿದೆ ಎಂದು ಪರಿಗಣಿಸತಕ್ಕದ್ದು. ಗೋಡೆಗೆ ಮುಖ ಮಾಡಿ ನಡೆಯುತ್ತಲೇ ಇರುವ ನೆರೆಹೊರೆಯವರನ್ನು ಭುಜ ಹಿಡಿದು ತಿರುಗಿಸಬಹುದು. ಆದರೆ ಅದೂ ವೀರರು ನೋಡದಿರುವಾಗ.

೬. ಲೋಕವನ್ನು ಇನ್ನೇನು ಸುಟ್ಟೇಬಿಡಲಿರುವ ಮಹಾ ಡ್ರ್ಯಾಗನ್, ವೀರರು ಬರುವವರೆಗೂ ಇನ್ನೇನು ಸುಡಲಿರುವ ಭಂಗಿಯಲ್ಲೇ ಇರತಕ್ಕದ್ದು. ರೆಕ್ಕೆ ಎತ್ತಿ ಎತ್ತಿ ಹೆಗಲು ಹಿಡಿದುಕೊಂಡಿದೆ, ಕೂರಲು ಏನಾದರೂ ಕೊಡಿ ಎಂಬ ಅದರ ಕೋರಿಕೆ ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ಒಂದೊಂದೇ ರೆಕ್ಕೆಯನ್ನು ಸರದಿಯ ಮೇಲೆ ಇಳಿಸಿಕೊಳ್ಳಬಹುದು.

೭. ಬೆಟ್ಟದ ಮೇಲಿನ ಸೂರ್ಯಾಸ್ತ, ಹುಲ್ಲಿನ ಮೇಲೆ ಗಾಳಿ ಹಾಯುವ ರೀತಿ, ದೂರದ ಊರಿನಲ್ಲಿ ಒಂದೊಂದಾಗಿ ಹತ್ತುವ ದೀಪಗಳು, ಇವುಗಳ ಬಗ್ಗೆ ಇದುವರೆಗೆ ಒಂದೇ ಒಂದು ದೂರು ಬಂದಿರುವುದಿಲ್ಲ. ಇದು ಇಲಾಖೆಯ ಅನುಭವಕ್ಕೆ ಹೊರತಾದ ಸಂಗತಿಯಾಗಿದ್ದು, ಕಾರಣ ಪತ್ತೆಹಚ್ಚಲು ಸಮಿತಿ ರಚಿಸಲಾಗಿತ್ತು. ಸಮಿತಿಯ ಸದಸ್ಯರು ಸ್ಥಳ ಪರಿಶೀಲನೆಗೆಂದು ಬೆಟ್ಟ ಹತ್ತಿದವರು ಇನ್ನೂ ಕೆಳಗಿಳಿದಿಲ್ಲ.

೮. ಮೇಲಿನ ಎಲ್ಲ ಕಾರಣಗಳಿಂದ, ಸದರಿ ತಮ್ಮನು ಗುಹೆಗೆ ವಾಪಸಾಗಿ, ಕೈ ಕಟ್ಟಿಸಿಕೊಂಡು, ವೀರರು ಬಂದು ಬಿಡಿಸುವವರೆಗೂ ಕುಳಿತಿರತಕ್ಕದ್ದು ಎಂದು ಆದೇಶಿಸಿದೆ. ದೋಣಿಯಕ್ಕ ಗುರುತನ್ನು ಮತ್ತೆ ಹೊತ್ತಿಸಿಕೊಂಡು ದಡದಲ್ಲಿ ಅಳತಕ್ಕದ್ದು. ತಮ್ಮನ ಬದಲು ಅವನ ಅಂಗಿ ತೊಡಿಸಿದ ಹಿಟ್ಟಿನ ಮೂಟೆಯನ್ನು ಕೂರಿಸಬಹುದೆ ಎಂಬ ಕಳ್ಳರ ಸಲಹೆಯನ್ನು ತಿರಸ್ಕರಿಸಲಾಗಿದೆ. ಆದೇಶ ಜಾರಿಗೆ ನದಿ ದಡದ ಕಾವಲುಗಾರರನ್ನು ಕಳುಹಿಸಲಾಗಿತ್ತು.

೯. ಕಾವಲುಗಾರರ ವರದಿಯನ್ನು ಎಲ್ಲರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ. ಅವರು ಹೋದಾಗ ಅಕ್ಕ ತಮ್ಮ ಇಬ್ಬರೂ ಮನೆಯ ಮುಂದೆ ಬಲೆ ಹರಡಿಕೊಂಡು ಜಗಳವಾಡುತ್ತಿದ್ದರು. ತಮ್ಮನು ಮನೆಗೆ ಬಂದ ಮೇಲೆ ಇಬ್ಬರೂ ಏನು ಮಾತಾಡಬೇಕೆಂದು ಇಲಾಖೆ ಯಾವತ್ತೂ ಮಂಜೂರು ಮಾಡಿರಲಿಲ್ಲವಾದ್ದರಿಂದ ಅವರು ಬಾಯಿಗೆ ಬಂದದ್ದನ್ನು ಆಡುತ್ತಿದ್ದರು. ಗುಹೆಯಲ್ಲಿ ಎಷ್ಟು ಇಕ್ಕಟ್ಟು, ಕಳ್ಳರ ಅಡುಗೆ ಎಷ್ಟು ಸಪ್ಪೆ ಎಂದೆಲ್ಲ ತಮ್ಮ ಹೇಳಿ ಮುಗಿಸಿದ ಮೇಲೆ, ಗುಹೆಗೆ ಬೀಗ ಹಾಕಿರಲೇ ಇಲ್ಲ ಎಂಬುದೂ ಹೊರಬಿತ್ತು. ಮುಂದಿನದು ವರದಿಯಲ್ಲಿದ್ದಂತೆಯೇ:

“ಬಾಗ್ಲು ತೆಗ್ದೇ ಇತ್ತು ಅಂತೀಯಲ್ಲೋ. ಎದ್ದು ಬರೋಕೇನಾಗಿತ್ತು ನಿಂಗೆ?”

“ಬಿಡಿಸೋರು ಬರ್ತಾರೆ, ಅಲ್ಲೀವರೆಗೂ ಕೂತಿರು ಅಂದಿದ್ರು ಅಕ್ಕಾ. ಕೂತಿದ್ದೆ.”

ದೋಣಿಯಕ್ಕ ಕೈಯಲ್ಲಿದ್ದ ಬಲೆಯ ಗಂಟನ್ನು ಬಿಗಿದರು. ನಂತರ, “ನಂಗೂ ಅದನ್ನೇ ಹೇಳಿದ್ರು ಕಣೋ. ನಾನೂ ಇಲ್ಲಿ ಕೂತೇ ಇದ್ದೆ,” ಎಂದು ಹೇಳಿ ತಮ್ಮನ ತಲೆಯ ಮೇಲೆ ಒಂದು ಮೊಟಕಿ, ಅದೇ ಕೈಯಿಂದ ಕೂದಲು ನೇವರಿಸಿರುತ್ತಾರೆ. ಇದು ಯಾವ ಆದೇಶದಲ್ಲೂ ಇರುವುದಿಲ್ಲ.

ವೀರರು ಅಲ್ಲೇ ಇದ್ದರು. ನದಿ ದಾಟಲು ಬಂದವರು ಎರಡು ಹೆಜ್ಜೆ ಆಚೆ ನಿಂತಿದ್ದರು. ಅಲ್ಲಿ ಹಳದಿ ಗುರುತಿರಲಿಲ್ಲ. ಬಹುಮಾನವಾಗಲಿ, ಕೊಲ್ಲಲು ಕರಡಿಯಾಗಲಿ ಇರಲಿಲ್ಲ. ನಿವಾಸಿಗಳು ಬಾಯಿ ತೆರೆದ ಕೂಡಲೇ ಬಟನ್ ಒತ್ತಿ ಮಾತನ್ನು ಹಾರಿಸುವುದು ಆಟಗಾರರ ಹಳೆಯ ಚಾಳಿ. ಈ ಸಲ ಒತ್ತಲಿಲ್ಲ. ವೀರರು ಚೀಲ ಕೆಳಗಿಟ್ಟು ದಡದ ಮೇಲೆ ಕುಳಿತುಬಿಟ್ಟರು. ಯಂತ್ರ ಕೆಟ್ಟಿರಬೇಕೆಂದು ಇಲಾಖೆಯ ತಾಂತ್ರಿಕ ಶಾಖೆಯಿಂದ ಪರಿಶೀಲಿಸಲಾಯಿತು. ಯಂತ್ರ ಸರಿಯಿದೆ. ಹೊರಗೆ ಸೋಫಾದ ಮೇಲಿನವರು ಕಾಲು ಮಡಚಿ, ಕೈಯನ್ನು ಮಡಿಲಲ್ಲಿಟ್ಟು, ಸುಮ್ಮನೆ ಕೇಳುತ್ತಿದ್ದಾರೆಂದು ತಿಳಿದುಬಂದಿದೆ. ಈ ರಾಜ್ಯ ಸ್ಥಾಪನೆಯಾದಾಗಿನಿಂದ ಹೀಗೆ ಆಗಿರಲಿಲ್ಲ. ಕಾವಲುಗಾರರು ಆದೇಶವನ್ನು ಜೇಬಿನಿಂದ ತೆಗೆಯಲು ಮನಸ್ಸಾಗದೆ, ಅವರೂ ಪಕ್ಕದಲ್ಲಿ ಕುಳಿತಿರುತ್ತಾರೆ.

೧೦. ವೀರರು ನೋಡುತ್ತಿರುವಾಗ ಯಾರನ್ನೂ ಕೈ ಕಟ್ಟಿ ಗುಹೆಗೆ ಒಯ್ಯುವುದು ಸಭ್ಯತೆಯಲ್ಲವಾದ್ದರಿಂದ, ಸೂಚನೆ ೮ರಲ್ಲಿನ ಆದೇಶವನ್ನು ವೀರರು ದಡದಿಂದ ಎದ್ದು ಹೋಗುವವರೆಗೆ ತಡೆಹಿಡಿಯಲಾಗಿದೆ. ಆದೇಶವು ರದ್ದಾಗಿಲ್ಲವೆಂಬುದನ್ನು ಎಲ್ಲರೂ ಗಮನಿಸತಕ್ಕದ್ದು. ಈ ಸುತ್ತೋಲೆ ಹೊರಡಿಸುವ ಹೊತ್ತಿಗೆ ವೀರರು ಎದ್ದಿರುವುದಿಲ್ಲ. ಅವರನ್ನು ಎಬ್ಬಿಸುವ ಅಧಿಕಾರ ಯಾರಿಗಿದೆ ಎಂಬ ಬಗ್ಗೆ ವಿವಿಧ ಶಾಖೆಗಳ ಅಭಿಪ್ರಾಯ ಕೇಳಲಾಗಿದ್ದು, ಉತ್ತರಿಸಲು ಅವಸರ ಮಾಡಬಾರದೆಂದು ಎಲ್ಲ ಶಾಖೆಗಳಿಗೂ ಖಾಸಗಿಯಾಗಿ ತಿಳಿಸಲಾಗಿದೆ.

ಸಹಿ/-
ಅಧೀನ ಕಾರ್ಯದರ್ಶಿ
ಕಾಡು, ಬೆಟ್ಟ, ನದಿ ಮತ್ತು ಗುಹೆಗಳ ವಿಭಾಗ

ಪ್ರತಿಗಳು:

೧. ಕಳ್ಳರ ಮುಖಂಡರಿಗೆ, ಖಾಲಿ ಕೂತಿರುವ ಅವಧಿಯಲ್ಲಿ ಗುಹೆಗೆ ಸುಣ್ಣ ಬಳಿಯುವ ಸೂಚನೆಯೊಂದಿಗೆ.
೨. ಛತ್ರದ ಯಜಮಾನರಿಗೆ (ಸ್ಥಳದಲ್ಲಿ ಇಲ್ಲ, ಹೆಂಡತಿಯನ್ನು ಕರೆತರಲು ಹೋಗಿದ್ದಾರೆ. ಹೋಗುವಾಗ ಚಳಿಯ ಮಾತು ಎತ್ತಲಿಲ್ಲವೆಂದು ವರದಿ).
೩. ಮಹಾ ಡ್ರ್ಯಾಗನ್ ಅವರಿಗೆ, ಎರಡೂ ರೆಕ್ಕೆ ಇಳಿಸಿ ಓದಿಕೊಳ್ಳುವಂತೆ.
೪. ಬೆಟ್ಟದ ಮೇಲಿನ ಸಮಿತಿಗೆ, ಕೆಳಗಿಳಿದಾಗ.
೫. ದೋಣಿಯಕ್ಕನ ತಮ್ಮನಿಗೆ. ಗುಹೆಯ ವಿಳಾಸಕ್ಕೆ ಕಳುಹಿಸಿದ ಪ್ರತಿಯು ವಿಳಾಸದಾರರು ಇಲ್ಲವೆಂದು ಹಿಂದಿರುಗಿರುವುದರಿಂದ, ಇಲಾಖೆಯ ದಾಖಲೆಗಳಲ್ಲಿ ಅವರ ಕಾಯಂ ವಿಳಾಸವನ್ನು ಈ ಕೆಳಗಿನಂತೆ ತಿದ್ದಿಕೊಂಡು ಮರುಕಳುಹಿಸಲಾಗಿದೆ: ಅಕ್ಕನ ಮನೆ, ನದಿ ದಡ.