ನಾನು ವಾದ ಮಾಡಲು ಕಲಿತದ್ದು

ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ತಮಾಷೆಗೆ ಬರವಿಲ್ಲ. ಬಾಯಿ ತೆರೆದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ನಾನು ಬಾಯಿ ತೆರೆಯಲು ಕಲಿತದ್ದೇ ನಲವತ್ತು ದಾಟಿದ ಮೇಲೆ. ಹಾಗಾಗಿ ಎಲ್ಲ ಒಟ್ಟಿಗೇ ಆಯಿತು.

ಮ್ಯಾನೇಜರ್ ಕುರ್ಚಿ ಖಾಲಿಯಾಗಿತ್ತು. ನಮ್ಮ ಯಜಮಾನರು ಕೊಯಮತ್ತೂರು ಪಕ್ಕದ ಕಿಣತ್ತುಕಡವು ಕಡೆಯ ರೈತರ ಮನೆಯವರು, ನನ್ನ ಹಾಗೇ ಮನೆಮಾತು ಕನ್ನಡ. ಕರೆದು, ತಮಿಳರ ಹಾಗೆ ಅಕ್ಕರೆಯಿಂದ 'ಕಣ್ಣು' ಎನ್ನುತ್ತಾ ಹೇಳಿದರು: "ಕೆಲಸ ಎಲ್ಲಾ ನಿಂಗೆ ಗೊತ್ತು ಕಣ್ಣು. ಆದ್ರೆ ಯಾರು ಏನಂದ್ರೂ ತಲೆ ಆಡಿಸ್ತೀಯ. ಬರೋ ತಿಂಗಳು ನಮ್ಮ ಮಾಲು ಕೊಳ್ಳೋ ಬಯರ್ ಕಡೆಯವ್ರು ಬರ್ತಾರೆ. ವಾದ ಮಾಡಿ ಮಾಲು ಕಳಿಸೋಕೆ ಒಂದು ವಾರ ಹೆಚ್ಚಿಗೆ ಗಡುವು ತಗೋ, ಕುರ್ಚಿ ನಿಂದು. ಇಲ್ಲಾಂದ್ರೆ ನನ್ನ ಬಾಮೈದಂಗೆ."

ಬಾಮೈದ ಆಗಲೇ ಆ ಕುರ್ಚಿಗೆ ಹೊಸ ದಿಂಬು ತಂದಿಟ್ಟಿದ್ದರು. ನಾನು ಕೊಯಮತ್ತೂರಿನಲ್ಲಿ ವಾದ ಮಾಡುವುದನ್ನು ಹೇಳಿಕೊಡುವ ತರಗತಿಗೆ ಸೇರಿದೆ.

ಅತ್ತೆಯ ಮೇಲೆ ಪ್ರಯೋಗ

ಎದುರಿನವರು ಹೇಳಿದ್ದನ್ನು ಮೊದಲು ನೀವೇ ಒಮ್ಮೆ ತಿರುಗಿ ಹೇಳಿ, ಆಮೇಲೆ ಉತ್ತರ ಕೊಡಿ ಎಂದರು ಮೇಷ್ಟ್ರು. ಅಂದೇ ಸಂಜೆ ಅತ್ತೆ ಸಿಕ್ಕರು.

"ಭಾನುವಾರ ಮದುಕ್ಕರೈಗೆ, ನಿನ್ನ ನಾದಿನಿ ಮನೆಗೆ ಹೋಗ್ಲೇಬೇಕು."

"ಅಂದ್ರೆ, ಭಾನುವಾರ ಮದುಕ್ಕರೈಗೆ ಹೋಗ್ಬೇಕು ಅಂತೀರಿ."

"ಅದನ್ನೇ ತಾನೆ ಹೇಳ್ದೆ?"

"ಅದನ್ನೇ ಹೇಳಿದ್ರಿ ಅಂತೀರಿ."

ಅತ್ತೆ ನನ್ನನ್ನೇ ದಿಟ್ಟಿಸಿ ನೋಡಿದರು. ಕಣ್ಣಲ್ಲಿ ನೀರು. ಮಗನನ್ನು ಕೂಗಿದರು: "ಲೋ, ಆ ಮಿಷನ್ ಸದ್ದಲ್ಲಿ ಇದ್ದೂ ಇದ್ದೂ ಇವಳ ಕಿವಿ ಹೋಗ್ಬಿಟ್ಟದೆ!"

ಶನಿವಾರ ಕಿವಿ ಡಾಕ್ಟರ ಹತ್ತಿರ ಹೋಗಬೇಕಾಯಿತು. ಭಾನುವಾರ ಮದುಕ್ಕರೈಗೂ ಹೋದೆ. ಅಲ್ಲಿ ನಾದಿನಿ ಇಡೀ ದಿನ ನನ್ನ ಕಿವಿಗೆ ಬಾಯಿಟ್ಟು ಕಿರುಚುತ್ತಾ ಉಪಚಾರ ಮಾಡಿದಳು.

ಬಸ್ಸಿನಲ್ಲಿ ಗೆಲುವು

ಎರಡನೇ ಪಾಠ: ಕಾರಣ ಕೇಳಿ, ಬಿಡಬೇಡಿ.

ನಮ್ಮ ಮನೆ ಇರುವುದು ಕೊಯಮತ್ತೂರಿನಲ್ಲಿ, ಸಿಂಗಾನಲ್ಲೂರು ಬಸ್ ಸ್ಟ್ಯಾಂಡಿಗೆ ಒಂದು ಸ್ಟಾಪ್ ಮೊದಲು. ಕಂಡಕ್ಟರು ಅಲ್ಲಿ ನಿಲ್ಲಿಸುವುದಿಲ್ಲ ಎಂದರು. ನಾನು ತಮಿಳಿನಲ್ಲಿ ಶುರು ಮಾಡಿದೆ.

"ಯಾಕೆ ನಿಲ್ಲಿಸಲ್ಲ?"

"ರೂಲ್ಸ್ ಅಮ್ಮಾ."

"ಆ ರೂಲ್ಸಿಗೆ ಕಾರಣ?"

ಬಸ್ಸು ಎರಡು ಪಕ್ಷವಾಯಿತು. ಮುಂದಿನ ಸೀಟಿನ ಹೂವಿನವಳು ನನ್ನ ಕಡೆ, ಹಿಂದಿನವರು ಕಂಡಕ್ಟರ ಕಡೆ. ನಾನು ಒಂದು ಸಲವೂ ದನಿ ಏರಿಸಲಿಲ್ಲ. ಕಡೆಗೆ ಕಂಡಕ್ಟರು ಕೈಮುಗಿದರು: "ನೀವು ಹೇಳೋದು ನ್ಯಾಯ ಅಮ್ಮಾ, ನಿಲ್ಲಿಸ್ತೀನಿ."

ವಿಸಿಲ್ ಊದುವ ಅಗತ್ಯ ಬೀಳಲಿಲ್ಲ. ಬಸ್ಸು ಆಗಲೇ ಸಿಂಗಾನಲ್ಲೂರು ಸ್ಟ್ಯಾಂಡಿನಲ್ಲಿ ನಿಂತಿತ್ತು, ಡ್ರೈವರು ಟೀ ಕುಡಿಯುತ್ತಿದ್ದರು.

ಕುರ್ಚಿಯ ದಿನ

ಬಯರ್ ಕಡೆಯವರು ಬಂದರು. ಟೈ ಕಟ್ಟಿದ ತರುಣ, ಬರೀ ಇಂಗ್ಲಿಷು. ನನ್ನ ವಾದಕ್ಕೆಲ್ಲ ಒಂದೇ ಉತ್ತರ: "ಸಾರಿ, ಆಗಲ್ಲ." ಬಾಮೈದ ಬಾಗಿಲ ಹತ್ತಿರ ನಗುತ್ತಾ ನಿಂತಿದ್ದರು.

ಹೊರಗಿನವರೆದುರು ಗುಟ್ಟು ಮಾತಾಡಬೇಕಾದರೆ ನಮ್ಮಲ್ಲಿ ಕನ್ನಡವೇ. ಯಜಮಾನರು ನಗುಮುಖದಲ್ಲೇ ನನಗೆ ಹೇಳಿದರು: "ಬಾಡಿದ ಬದನೆಕಾಯಿ ಥರ ಮೂತಿ, ಇವನಿಗೇನು ತಿಳೀತದೆ! ಬಿಡು ಕಣ್ಣು, ಒಪ್ಪಲ್ಲ ಇವನು."

ನಾನೂ ಕನ್ನಡದಲ್ಲೇ, ತಗ್ಗಿದ ದನಿಯಲ್ಲಿ ಹೇಳಿದೆ: "ಬಿಟ್ಟುಬಿಡೋಣ ಸಾರ್. ಆದ್ರೆ ಒಂದು ವಾರ ಸಿಗದಿದ್ರೆ ಬಣ್ಣ ಸರಿಯಾಗಿ ಹಿಡಿಯಲ್ಲ, ಮೊದಲನೇ ಒಗೆತಕ್ಕೇ ಬಿಡುತ್ತೆ. ಆಮೇಲೆ ಅವ್ರ ಆಫೀಸಲ್ಲಿ ಬೈಸ್ಕೊಳ್ಳೋದು ಪಾಪ, ಇವ್ರೇ."

ತರುಣ ನೀರು ಕುಡಿದ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಒಂದು ವಾರ ತಗೊಳ್ಳಿ ಎಂದು ಇಂಗ್ಲಿಷಿನಲ್ಲಿ ಹೇಳಿ ಎದ್ದ. ಬಾಮೈದ ದಿಂಬು ತೆಗೆದುಕೊಂಡು ಹೊರಟರು.

ಕಾರು ಹತ್ತುವಾಗ ತರುಣ ಯಜಮಾನರಿಗೆ ಕೈಮುಗಿದ. "ಬರ್ತೀನಿ ಸಾರ್. ನಮ್ಮೂರು ಮಂಡ್ಯ. ಈ ಮೂತಿ ನಮ್ಮಪ್ಪಂದು, ನಾನೇನೂ ಮಾಡೋ ಹಾಗಿಲ್ಲ."

ಕಾರು ಗೇಟು ದಾಟುವವರೆಗೂ ಯಜಮಾನರು ಮುಗಿದ ಕೈ ಇಳಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಾ?"

"ಬೆಳಿಗ್ಗೆ ಬರುವಾಗ್ಲೇ ಫೋನಲ್ಲಿ ಅವರಮ್ಮನ ಹತ್ರ ಕನ್ನಡದಲ್ಲಿ ಮಾತಾಡ್ತಿದ್ರು ಸಾರ್."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ತಮಿಳಲ್ಲಿ ಬೈತಿದ್ರಿ ಸಾರ್. ನಾನೂ ತಮಿಳಲ್ಲೇ ಉತ್ತರ ಕೊಡಬೇಕಿತ್ತು. ಅವ್ರಿಗೆ ಏನು ಅರ್ಥ ಆಗ್ತಿತ್ತು?"